ನೋಡೋಣ ಸಾಹೇಬರ ಕುರ್ಚಿ

ಕುರ್ಚಿ ಕಾರ್ಖಾನೆಯ ಜನರಲ್ ಮ್ಯಾನೇಜರ್ ಸಾಹೇಬರಿಗೆ ಬೆನ್ನುನೋವು ಬಂತು. ಮಿಠಾಯಿ ಅಂಗಡಿಯವನಿಗೆ ಹಲ್ಲುನೋವು ಬಂದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಕುರ್ಚಿ ಮಾಡುವವನಿಗೆ ಬೆನ್ನುನೋವು ಬಂದರೆ ಮೊದಲು ನಗುತ್ತಾರೆ, ಆಮೇಲೆ ಹೋಗಿ ಬೇರೆ ಕಂಪನಿಯ ಕುರ್ಚಿ ಕೊಳ್ಳುತ್ತಾರೆ. ಅದಕ್ಕೇ ಸಾಹೇಬರು ಯಾರಿಗೂ ಹೇಳದೆ, ಊರಿನ ಇನ್ನೊಂದು ತುದಿಯಲ್ಲಿದ್ದ, ತಮ್ಮ ಮುಖ ನೋಡಿರದ ಡಾಕ್ಟರನ್ನು ಹುಡುಕಿಕೊಂಡು ಹೋದರು.

ಡಾಕ್ಟರು ಅವರನ್ನು ಬೋರಲು ಮಲಗಿಸಿ ಅಲ್ಲಲ್ಲಿ ಒತ್ತುತ್ತಾ, "ಏನು ಕೆಲಸ ಮಾಡ್ತೀರಿ?" ಅಂದರು.

"ಕುರ್ಚಿ," ಅಂದರು ಸಾಹೇಬರು, ದಿಂಬಿನೊಳಗಿಂದ.

"ಕುರ್ಚಿ ಮಾಡ್ತೀರೋ, ಕುರ್ಚಿ ಮೇಲೆ ಕೂತಿರ್ತೀರೋ?"

ಡಾಕ್ಟರು ಕೇಳಿದ್ದು ತೀರಾ ಸಾಧಾರಣ ಪ್ರಶ್ನೆ. ಔಷಧಿ ಬರೆಯುವುದಕ್ಕೆ ಅಷ್ಟು ತಿಳಿದರೆ ಸಾಕಿತ್ತು. ಆದರೆ ಸಾಹೇಬರು ಎಷ್ಟು ಹೊತ್ತು ಸುಮ್ಮನಿದ್ದರೆಂದರೆ, ನಿದ್ದೆ ಬಂದಿರಬೇಕೆಂದು ಡಾಕ್ಟರು ಬಗ್ಗಿ ನೋಡಿದರು.

"ಮೊದಲು ಮಾಡ್ತಿದ್ದೆ," ಅಂದರು ಸಾಹೇಬರು ಕೊನೆಗೆ. "ಈಗ ಕೂತಿರ್ತೀನಿ."

"ಹಾಗಾದ್ರೆ ಆಗಾಗ ಎದ್ದೇಳಿ," ಎಂದು ಡಾಕ್ಟರು ಕೈ ತೊಳೆದುಕೊಂಡರು.

ಸಾಹೇಬರಿಗೆ ಬರುವ ವರ್ಷ ಐವತ್ತು. ಇಂಥದ್ದು ಕೊರತೆ ಎಂದು ಬೆರಳು ಮಾಡಿ ತೋರಿಸುವಂಥದ್ದು ಅವರ ಬದುಕಿನಲ್ಲಿ ಏನೂ ಇರಲಿಲ್ಲ. ಬಡಗಿಯಾಗಿ ಸೇರಿದ ಕಾರ್ಖಾನೆಗೆ ಈಗ ಅವರೇ ಜನರಲ್ ಮ್ಯಾನೇಜರು. ಕೋಣೆಗೆ ಎರಡು ಕಡೆ ಗಾಜು, ಒಂದು ಕಡೆ ಪರದೆ. ಮೇಜಿನ ಮೇಲೆ ಮೂರು ಪೆನ್ನು, ಮೂರರಲ್ಲೂ ಶಾಯಿ. ನೆಂಟರ ಮನೆಗೆ ಹೋದರೆ ಅವರು ತಮ್ಮ ಮಕ್ಕಳನ್ನು ಎದುರಿಗೆ ನಿಲ್ಲಿಸಿ, "ದೊಡ್ಡಪ್ಪನ ಥರ ಆಗ್ಬೇಕು, ಗೊತ್ತಾಯ್ತಾ?" ಎಂದು ಬುದ್ಧಿ ಹೇಳುತ್ತಿದ್ದರು. ಆಗೆಲ್ಲ ಸಾಹೇಬರಿಗೆ ಆ ಮಕ್ಕಳ ಕಿವಿಯಲ್ಲಿ ಗುಟ್ಟಾಗಿ ಏನೋ ಹೇಳಬೇಕೆನ್ನಿಸುತ್ತಿತ್ತು. ಏನು ಎನ್ನುವುದು ಮಾತ್ರ ಹೊಳೆಯುತ್ತಿರಲಿಲ್ಲ.

ಹೊಳೆಯುತ್ತಿದ್ದದ್ದು ಒಂದೇ: ಬೆಳಿಗ್ಗೆ ಕಾರ್ಖಾನೆಯ ಅಂಗಳದಲ್ಲಿ ಕಾರು ನಿಲ್ಲಿಸಿದ ಮೇಲೆ ಇಳಿಯುವುದಕ್ಕೆ ಮನಸ್ಸು ಬರುತ್ತಿರಲಿಲ್ಲ. ಇಂಜಿನ್ ಆರಿಸಿ, ಬೆಲ್ಟು ಬಿಚ್ಚದೆ, ಎದುರಿನ ಗೋಡೆ ನೋಡುತ್ತಾ ಕೂತುಬಿಡುವರು. ಕಾವಲುಗಾರ ಬಂದು ಸಲ್ಯೂಟ್ ಹೊಡೆದು, ಸಾಹೇಬರು ಇಳಿಯದ್ದು ನೋಡಿ ಇನ್ನೊಂದು ಹೊಡೆದು, ಮೂರನೆಯದು ಹೊಡೆಯಬೇಕೋ ಬೇಡವೋ ಎಂದು ಕೈಯನ್ನು ಅರ್ಧಕ್ಕೆ ಎತ್ತಿಕೊಂಡು ನಿಲ್ಲುವನು. ಅವನ ಸಮಾಧಾನಕ್ಕೆಂದು ಸಾಹೇಬರು ಫೋನನ್ನು ಕಿವಿಗೆ ಹಿಡಿದು, ಯಾರೂ ಇಲ್ಲದ ಆ ಕಡೆಗೆ, "ಹ್ಞೂಂ... ಹ್ಞೂಂ... ನೋಡೋಣ," ಅನ್ನುವರು. ಒಂದು ದಿನ ಹೀಗೆ "ನೋಡೋಣ" ಅನ್ನುತ್ತಿರುವಾಗಲೇ ಫೋನು ಕಿವಿಯಲ್ಲಿ ರಿಂಗಾಯಿತು. ಕಾವಲುಗಾರ ಒಳ್ಳೆಯವನು, ತಕ್ಷಣ ಆಕಾಶದ ಕಡೆ ತಿರುಗಿ ಮೋಡ ನೋಡತೊಡಗಿದ.

ಈ "ನೋಡೋಣ" ಎಂಬ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ಕಾರ್ಖಾನೆಯಲ್ಲಿ ಸಾಹೇಬರ ಹೆಸರೇ ಅದು. ರಜ ಕೇಳಿದರೆ "ನೋಡೋಣ". ಹೊಸ ಫ್ಯಾನು ಕೇಳಿದರೆ "ನೋಡೋಣ". ಕಾಫಿಯೋ ಟೀಯೋ ಎಂದು ಕೇಳಿದ ಕ್ಯಾಂಟೀನಿನವನಿಗೂ ಒಂದು ಸಲ "ನೋಡೋಣ" ಅಂದದ್ದುಂಟು. ಅವನು ಎರಡನ್ನೂ ತರದೆ ಸುಮ್ಮನಾದ. ಅವರ "ನೋಡೋಣ"ಕ್ಕೆ "ಇಲ್ಲ" ಎಂದೇ ಅರ್ಥ, ಆದರೆ ಬಾಗಿಲು ಮೆತ್ತಗೆ ಹಾಕಿಕೊಳ್ಳುತ್ತದೆ ಅಷ್ಟೆ, ಎಂದು ಹೊಸದಾಗಿ ಸೇರಿದವರಿಗೆ ಹಳಬರು ಮೊದಲ ದಿನವೇ ತಿಳಿಸುತ್ತಿದ್ದರು. ಸಾಹೇಬರ ಮುಂದೆ ಸಾಹೇಬರು, ಬೆನ್ನ ಹಿಂದೆ ನೋಡೋಣ ಸಾಹೇಬರು. ಮುಂದೆ ಇರುವುದಕ್ಕಿಂತ ಬೆನ್ನ ಹಿಂದೆಯೇ ಮೂರಕ್ಷರ ಮರ್ಯಾದೆ ಜಾಸ್ತಿ ಎಂದು ಮೊಳೆ ತಮಾಷೆ ಮಾಡುತ್ತಿದ್ದ.

ಮೊಳೆ ಅಂದರೆ ಮಾದರಿ ಕೋಣೆಯ ಬಡಗಿ. ಸಣಕಲು ಮೈ, ದೊಡ್ಡ ತಲೆ, ಅದಕ್ಕೇ ಆ ಹೆಸರು. ಅವನೂ ಸಾಹೇಬರೂ ಒಂದೇ ವಾರ ಕೆಲಸಕ್ಕೆ ಸೇರಿದವರು. ನಾಲ್ಕು ಜನರ ಮುಂದೆ "ಸಾರ್" ಅನ್ನುವನು, ಯಾರೂ ಇಲ್ಲದಾಗ "ಏನೋ" ಅನ್ನುವನು. ಮಾದರಿ ಕೋಣೆ ಎಂದರೆ ಕಾರ್ಖಾನೆಯ ಹಿಂಭಾಗದ ಉದ್ದನೆಯ ಹೆಂಚಿನ ಕೊಠಡಿ. ಯಾವ ಹೊಸ ಕುರ್ಚಿಯೂ ಸಾವಿರವಾಗಿ ಹೊರಗೆ ಹೋಗುವ ಮೊದಲು ಅಲ್ಲಿ ಒಂದಾಗಿ ಹುಟ್ಟಬೇಕು. ಹುಟ್ಟಿದ ಕುರ್ಚಿಯ ಮೇಲೆ ಯಾರಾದರೂ ಕೂತು ನೋಡಬೇಕು: ನೆಟ್ಟಗೆ ಕೂತು, ಓರೆಯಾಗಿ ಕೂತು, ಕೆಳಗೆ ಬಿದ್ದ ಪೆನ್ಸಿಲನ್ನು ಕೂತಲ್ಲಿಂದಲೇ ಎತ್ತಿ. ಗೋಡೆಯ ಮೇಲೆ ಕಾರ್ಖಾನೆ ಕಟ್ಟಿದ ಹಳೆಯ ಯಜಮಾನರು ತಾವೇ ಬಣ್ಣದಲ್ಲಿ ಬರೆದಿದ್ದ ಸಾಲು ಇನ್ನೂ ಇದೆ: "ಕೂತು ನೋಡಿ. ಎದ್ದು ಹೇಳಿ. ಬೇಕು ಅಥವಾ ಬೇಡ." ಮೂರನೆಯ ಮಾತಿಗೆ ಅಲ್ಲಿ ಜಾಗವಿರಲಿಲ್ಲ, ಗೋಡೆ ಅಲ್ಲಿಗೇ ಮುಗಿದಿತ್ತು.

ಆ ಕೋಣೆಗೆ ಸಾಹೇಬರು ಹೋಗದೆ ಎಷ್ಟೋ ವರ್ಷವಾಗಿತ್ತು. ದೊಡ್ಡವರನ್ನು ಕರೆದುಕೊಂಡು ಹೋಗಿ "ಇದು ನಮ್ಮ ಮಾದರಿ ಕೋಣೆ" ಎಂದು ಬಾಗಿಲಲ್ಲಿ ನಿಂತು ಕೈ ತೋರಿಸುವುದನ್ನು ಹೋಗುವುದು ಎಂದು ಲೆಕ್ಕ ಹಿಡಿಯುವಂತಿಲ್ಲ.

ಮನೆಯಲ್ಲಿ ಸಾಹೇಬರ ಈ ಹೊಸ ಮಂಕು ಎಲ್ಲರಿಗೂ ಗೊತ್ತಾಗಿತ್ತು. ಮನೆಯವರು ಒಬ್ಬೊಬ್ಬರೂ ತಮ್ಮ ತಮ್ಮ ಸ್ವಭಾವಕ್ಕೆ ತಕ್ಕಂತೆ ಔಷಧಿ ಹುಡುಕಿದರು.

ಕಾಲೇಜಿನಲ್ಲಿದ್ದ ಮಗಳು, "ಅಪ್ಪ, ಇದಕ್ಕೆ ಹೆಸರಿದೆ. ಮಧ್ಯವಯಸ್ಸಿನ ಬಿಕ್ಕಟ್ಟು ಅಂತಾರೆ," ಅಂದಳು.

"ಹೆಸರಿದ್ರೆ ಔಷಧೀನೂ ಇರಬೇಕಲ್ಲ?"

"ಕೆಲವರು ಕೆಂಪು ಕಾರು ತಗೋತಾರಂತೆ."

"ನಮ್ಮ ಕಾರು ಕೆಂಪಗೇ ಇದೆಯಲ್ಲೇ."

ಮಗಳು ಯೋಚಿಸಿದಳು. "ಹಾಗಾದ್ರೆ ನಿನಗೆ ಆಗಲೇ ಗುಣ ಆಗಿರಬೇಕಿತ್ತು," ಅಂದು ಎದ್ದು ಹೋದಳು.

ಹೆಂಡತಿಯ ತಮ್ಮ ಇದ್ದಾನೆ. ನಾಲ್ಕು ಕೆಲಸ ಬಿಟ್ಟು ಐದನೆಯದರಲ್ಲಿರುವವನು, ಆದ್ದರಿಂದ ಕೆಲಸ ಬಿಡುವ ವಿಷಯದಲ್ಲಿ ಅವನ ಮಾತಿಗೆ ತೂಕ ಇತ್ತು. "ಭಾವ," ಅಂದ ಅವನು ಸೋಫಾದ ಮೇಲೆ ಕಾಲು ಮಡಚಿ ಕೂತು, "ನಿಮ್ಮೊಳಗೆ ಒಂದು ಮಗು ಮಲಗಿದೆ. ಅದನ್ನ ಎಬ್ಬಿಸಬೇಕು."

"ಮಲಗಿದ್ರೆ ಮಲಗಲಿ ಬಿಡೋ. ನನಗಂತೂ ನಿದ್ದೆ ಇಲ್ಲ, ಅದಾದ್ರೂ ಮಾಡಲಿ."

ಆದರೂ ಭಾವಮೈದುನನ ಮಾತು ಕೇಳಿ ಸಾಹೇಬರು ಮೊದಲು ಓಡುವ ಬೂಟು ತಂದರು. ಬೂಟು ಬಹಳ ಚೆನ್ನಾಗಿ ಓಡುವಂಥದ್ದು. ಸಾಹೇಬರು ಬೀದಿಯ ತಿರುವಿನವರೆಗೆ ಅದರ ಜೊತೆ ಹೋಗಿ, ವಾಪಸು ಆಟೋದಲ್ಲಿ ಬಂದರು. ಆಮೇಲೆ ಹಕ್ಕಿಗಳ ಫೋಟೋ ತೆಗೆಯಲು ಕ್ಯಾಮೆರಾ ತಂದರು. ಮನೆ ಸುತ್ತ ಕಾಗೆಗಳಿದ್ದವು, ಅವೂ ಕ್ಯಾಮೆರಾದ ಬೆಲೆಗೆ ತಕ್ಕ ಭಂಗಿ ಕೊಡಲಿಲ್ಲ. ಕೊನೆಗೆ ಕೊಳಲು ತಂದರು. ಒಂದು ವಾರ ಊದಿದರು. ಎಂಟನೆಯ ದಿನ ಪಕ್ಕದ ಮನೆಯಾಕೆ ಬಂದು ಸಾಹೇಬರ ಹೆಂಡತಿಗೆ, "ನಿಮ್ಮಲ್ಲಿ ನೀರು ಬಂತೇನ್ರೀ? ನಲ್ಲೀಲಿ ಬರೀ ಗಾಳಿ ಬರೋ ಸದ್ದು ಕೇಳ್ತಾ ಇದೆ. ನಾನು ಬಕೆಟ್ ಇಟ್ಕೊಂಡು ಕಾಯ್ತಾ ಇದೀನಿ," ಅಂದಳು. ಕೊಳಲು ಅಟ್ಟ ಸೇರಿತು, ಬೂಟಿನ ಪಕ್ಕಕ್ಕೆ.

ಹೆಂಡತಿ ಮಾತ್ರ ಯಾವ ಔಷಧಿಯನ್ನೂ ಹೇಳಲಿಲ್ಲ. ಆಕೆ ಒಂದು ಅಚ್ಚುಮನೆಗೆ ಕರಡು ತಿದ್ದಿಕೊಡುವವಳು. ಶಾಲೆಯ ಪುಸ್ತಕಗಳು ಅಚ್ಚಾಗುವ ಮೊದಲು ಆಕೆಯ ಕೆಂಪು ಪೆನ್ನಿನ ಕೆಳಗೆ ಹಾದುಹೋಗಬೇಕು. ಒಲೆಯ ಮೇಲೆ ಏನಾದರೂ ಬೇಯುತ್ತಿರುವಾಗ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಮಡಿಲಲ್ಲಿ ಹಲಗೆ ಇಟ್ಟುಕೊಂಡು, ಬಿಟ್ಟುಹೋದ ಅಕ್ಷರಗಳನ್ನು ಹುಡುಕುವುದು ಆಕೆಯ ಅಭ್ಯಾಸ. ಆ ಸ್ಟೂಲು ಕುಂಟುತ್ತಿತ್ತು. ಟಕ್ ಅಂದರೆ ಆ ಕಡೆ, ಟಕ್ ಅಂದರೆ ಈ ಕಡೆ. ಮದುವೆಯಾದ ಹೊಸತರಲ್ಲಿ ಸಾಹೇಬರೇ ಮಾಡಿಕೊಟ್ಟದ್ದು. ಅದರ ಒಂದು ಕಾಲಿಗೆ ಹಳೆಯ ಕರಡು ಹಾಳೆಯನ್ನು ಮಡಚಿ ಕೊಟ್ಟಿತ್ತು. ಊರಿಗೆಲ್ಲ ಕುರ್ಚಿ ಹಂಚುವವರ ಮನೆಯಲ್ಲಿ ಹೆಂಡತಿ ಭೂಗೋಳದ ಮೂರನೆಯ ಪಾಠದ ಮೇಲೆ ಕೂರುತ್ತಿದ್ದಳು. "ಇದನ್ನ ಸ್ವಲ್ಪ ನೋಡ್ರೀ" ಎಂದು ಆಕೆ ವರ್ಷಗಟ್ಟಲೆ ಹೇಳಿದ್ದಳು. ಉತ್ತರ ನಿಮಗೆ ಗೊತ್ತೇ ಇದೆ.

ಹೀಗಿರುವಾಗ ಒಂದು ಗುರುವಾರ ಯಜಮಾನಮ್ಮ ಸಾಹೇಬರಿಗೆ ಹೇಳಿ ಕಳಿಸಿದರು.

ಯಜಮಾನಮ್ಮ ಹಳೆಯ ಯಜಮಾನರ ಹೆಂಡತಿ. ಯಜಮಾನರು ಹೋದ ಮೇಲೆ ಕಾರ್ಖಾನೆ ಆಕೆಯದೇ. ಎಪ್ಪತ್ತು ದಾಟಿದರೂ ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. ಆಕೆಯ ಕೋಣೆಯಲ್ಲಿ ಒಂದು ದೊಡ್ಡ ಕುರ್ಚಿ ಇತ್ತು. ಕಪ್ಪು ಚರ್ಮ, ಅಡಿಯಲ್ಲಿ ಚಕ್ರ, ಪಕ್ಕದಲ್ಲಿ ನಾಲ್ಕೈದು ಸನ್ನೆಗೋಲು. ಹೊರಗಿನಿಂದ ಬರುವ ವ್ಯಾಪಾರಿಗಳ ಕಣ್ಣಿಗೆ ಇರಲಿ ಎಂದು ಯಾರೋ ತರಿಸಿಟ್ಟದ್ದು. ಯಜಮಾನಮ್ಮ ಅದರ ಮೇಲೆ ಕೈಚೀಲ ಇಟ್ಟು, ತಾವು ಪಕ್ಕದಲ್ಲಿ ಮಾಮೂಲಿ ಮರದ ಕುರ್ಚಿಯ ಮೇಲೆ ಕೂರುತ್ತಿದ್ದರು.

"ಬಾಪ್ಪಾ," ಅಂದರು. "ನನಗೆ ಸಾಕಾಯ್ತು. ತಂಗಿ ಮನೆಗೆ ಹೋಗಿ ಇದ್ದುಬಿಡ್ತೀನಿ. ಇನ್ನು ಮೇಲೆ ನೀನೇ ಮ್ಯಾನೇಜಿಂಗ್ ಡೈರೆಕ್ಟರು. ಈ ದೊಡ್ಡ ಕುರ್ಚಿ ನಿನ್ನದು. ಏನಂತೀಯ?"

ಮೂವತ್ತು ವರ್ಷಕ್ಕಿಂತ ಸ್ವಲ್ಪ ಕಡಿಮೆ ಕಾಲ ಸಾಹೇಬರು ಹತ್ತಿದ ಏಣಿಗೆ ಇದೇ ಕೊನೆಯ ಮೆಟ್ಟಿಲು. ಖುಷಿಯಾಗಬೇಕಾದ ಜಾಗದಲ್ಲಿ ತಡವಿ ನೋಡಿದರು, ಏನೂ ಇರಲಿಲ್ಲ. ಕಂಡದ್ದು ಇನ್ನೂ ಎತ್ತರದ ಮಹಡಿ, ಇನ್ನೂ ದಪ್ಪ ಗಾಜು, ಇನ್ನೂ ಉದ್ದ ಮೀಟಿಂಗು, ಇನ್ನೂ ಹೆಚ್ಚು ಹೊತ್ತು ಕಾರಿನೊಳಗೆ ಕೂತು ಗೋಡೆ ನೋಡುವುದು. ಬೇಡ ಅನ್ನಬೇಕು ಎನ್ನಿಸಿತು. ಆದರೆ ಬೇಡ ಎಂದರೆ ಜನ ಏನಂದಾರು? ಅದೂ ಹೋಗಲಿ, ಬೇಡ ಎಂಬ ಮಾತನ್ನು ಬಾಯಿ ಬಿಟ್ಟು ಹೇಳಿ ಎಷ್ಟು ಕಾಲವಾಗಿತ್ತೆಂದರೆ, ನಾಲಿಗೆಗೆ ದಾರಿಯೇ ಮರೆತುಹೋಗಿತ್ತು.

"ನೋಡೋಣಮ್ಮ," ಅಂದರು.

"ಸರಿ ಹಾಗಾದ್ರೆ," ಅಂದರು ಯಜಮಾನಮ್ಮ, ಮುಖ ಅರಳಿಸಿ.

ಇಡೀ ಕಾರ್ಖಾನೆಯಲ್ಲಿ ಸಾಹೇಬರ "ನೋಡೋಣ"ದ ಅರ್ಥ ಗೊತ್ತಿಲ್ಲದವರು ಯಜಮಾನಮ್ಮ ಒಬ್ಬರೇ. ಆಕೆಗೆ ನೆನಪಿದ್ದದ್ದು ಒಂದು ಕಾಲದಲ್ಲಿ ಸಾಹೇಬರೇ ಆಗಿದ್ದ ಮಾದರಿ ಕೋಣೆಯ ಹುಡುಗ. ಆ ಹುಡುಗ "ನೋಡೋಣಮ್ಮ" ಅಂದನೆಂದರೆ ಮರುದಿನ ಕುರ್ಚಿ ರೆಡಿ.

ಶನಿವಾರ ಸಂಜೆ ಸಾಹೇಬರು ಮನೆಗೆ ಬಂದಾಗ ಭಾವಮೈದುನ ಕೇಕು ಹಿಡಿದು ಬಾಗಿಲಲ್ಲೇ ನಿಂತಿದ್ದ. ಮಗಳು ಕಾಗದದ ಟೋಪಿ ಹಾಕಿಕೊಂಡಿದ್ದಳು. ಸುದ್ದಿ ಕಾರ್ಖಾನೆಯ ಗೇಟು ದಾಟಿ ಅವರಿಗಿಂತ ಮೊದಲೇ ಮನೆ ಸೇರಿತ್ತು. "ಮ್ಯಾನೇಜಿಂಗ್ ಡೈರೆಕ್ಟರ್" ಎಂದು ಕೆತ್ತಿದ ತೇಗದ ಫಲಕ ಮಾದರಿ ಕೋಣೆಯಲ್ಲಿ ತಯಾರಾಗುತ್ತಿದೆ, ಸೋಮವಾರ ಬೆಳಿಗ್ಗೆ ಎಲ್ಲ ವಿಭಾಗದ ಮುಖ್ಯಸ್ಥರ ಎದುರಿಗೆ ಕುರ್ಚಿ ಒಪ್ಪಿಸುತ್ತಾರೆ, ಎಂದು ಕಾವಲುಗಾರನೇ ಫೋನು ಮಾಡಿ ಅಭಿನಂದಿಸಿದ್ದ. ಸಾಹೇಬರು ಕೇಕು ಕತ್ತರಿಸಿದರು. ಫೋಟೋಗೆ ನಕ್ಕರು. ಮಗಳು ಫೋಟೋ ನೋಡಿ, "ಅಪ್ಪ, ಹಲ್ಲು ಕೀಳಿಸೋಕೆ ಬಂದವರ ಥರ ಇದೀಯ," ಅಂದಳು.

ಭಾನುವಾರ ಬೆಳಿಗ್ಗೆ ಹೆಂಡತಿ ಸ್ಟೂಲಿನ ಮೇಲೆ ಕೂತು ಕರಡು ತಿದ್ದುತ್ತಿದ್ದಳು. ಸಾಹೇಬರು ಕಾಫಿ ಲೋಟ ಹಿಡಿದು ಅಡುಗೆಮನೆ ಬಾಗಿಲಿಗೆ ಒರಗಿದರು.

"ನೀವು ಹ್ಞೂಂ ಅಂದ್ರಾ?" ಎಂದಳು ಆಕೆ, ತಲೆ ಎತ್ತದೆ.

"ಇಲ್ಲ."

"ಬೇಡ ಅಂದ್ರಾ?"

"ಇಲ್ಲ."

"ಮತ್ತೆ ಏನಂದ್ರಿ?"

"ನೋಡೋಣ ಅಂದೆ."

ಹೆಂಡತಿ ಪೆನ್ನು ಕೆಳಗಿಟ್ಟಳು. ಸ್ಟೂಲು ಟಕ್ ಅಂತು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ನೋಡೋಣದಲ್ಲಿ ಒಂದು ಪದ ಬಿಟ್ಟುಹೋಗಿದೆ."

"ಯಾವ ಪದ?"

"ಹಿಂದಿನದು. ಮೊದಲೆಲ್ಲ ನೀವು ಬರೀ ನೋಡೋಣ ಅಂತಿರಲಿಲ್ಲ. ಕಿಟಕಿ ಬಿಗಿಯಾಗಿದೆ ಅಂದ್ರೆ ‘ಬಿಚ್ಚಿ ನೋಡೋಣ’ ಅಂತಿದ್ರಿ. ಸ್ಟೂಲು ಬೇಕು ಅಂದಾಗ ‘ಮಾಡಿ ನೋಡೋಣ’ ಅಂದ್ರಿ. ನನ್ನನ್ನ ಮದುವೆಗೆ ಕೇಳೋಕೆ ಬಂದಾಗ ಕೂಡ ನಮ್ಮಪ್ಪನ ಹತ್ರ, ‘ಮಾತಾಡಿ ನೋಡೋಣ ಅಂತ ಬಂದೆ’ ಅಂದವರು ನೀವು. ಈಗ ಬಿಚ್ಚಿ ಹೋಯ್ತು, ಮಾಡಿ ಹೋಯ್ತು, ಮಾತಾಡಿನೂ ಹೋಯ್ತು. ಉಳಿದಿದ್ದು ಬರೀ ನೋಡೋಣ. ಯಾರು ನೋಡೋದು? ಏನು ಮಾಡಿ ನೋಡೋದು? ಇಂಥ ವಾಕ್ಯ ಕರಡಲ್ಲಿ ಬಂದಿದ್ರೆ ನಾನು ಅಚ್ಚುಮನೆಗೆ ವಾಪಸು ಕಳಿಸ್ತಿದ್ದೆ."

ಸಾಹೇಬರು ಏನೋ ಗಂಭೀರವಾಗಿ ಹೇಳಲು ಬಾಯಿ ತೆರೆದರು. ಕಾರ್ಖಾನೆಯಲ್ಲಾದರೆ ಈ ಹೊತ್ತಿಗೆ ಅವರಿಗೆ ಒಂದು ಪೂರ್ತಿ ಭಾಷಣ ಹೊಳೆದಿರುತ್ತಿತ್ತು. ಆದರೆ ಬಾಯಿಗೆ ಬಂದದ್ದು ಒಂದೇ ಮಾತು.

"ಏಳು."

"ಏನು?"

"ಏಳೇ, ಆ ಸ್ಟೂಲು ಕೊಡು. ಬಿಚ್ಚಿ ನೋಡೋಣ."

ಅಟ್ಟದ ಮೇಲಿಂದ ಉಪಕರಣದ ಪೆಟ್ಟಿಗೆ ಇಳಿಯಿತು. ಜೊತೆಗೆ ಕೊಳಲೂ ಬಿತ್ತು, ಅದನ್ನು ಯಾರೂ ಎತ್ತಲಿಲ್ಲ. ಗರಗಸಕ್ಕೆ ತುಕ್ಕು ಹಿಡಿದಿತ್ತು, ಎಣ್ಣೆ ಹಾಕಿ ಉಜ್ಜಿದರು. ಒಲೆಯ ಪಕ್ಕದಲ್ಲಿ, ಸ್ಟೂಲು ಯಾವಾಗಲೂ ಇರುವ ಜಾಗದಲ್ಲೇ ಅದನ್ನು ನಿಲ್ಲಿಸಿ, ನೆಲಕ್ಕೆ ಕೆನ್ನೆ ಒತ್ತಿ ಒಂದು ಕಣ್ಣು ಮುಚ್ಚಿ ನೋಡಿದರು. ಮೂರು ಕಾಲು ನೆಲದ ಮೇಲೆ, ನಾಲ್ಕನೆಯದು ಗಾಳಿಯಲ್ಲಿ. ಪೆನ್ಸಿಲನ್ನು ಚಪ್ಪಟೆಯಾಗಿ ಹಿಡಿದು ಅದರ ಪಕ್ಕದ ಕಾಲಿಗೆ ಗುರುತು ಹಾಕಿದರು. ಕೊಯ್ದರು. ಮರದ ಪುಡಿ ಮೂಗಿಗೆ ಹೋಗಿ ಸೀನಿದರು, ಸೀನಿದ ಮೇಲೆ ಏನೋ ನೆನಪಾದವರ ಹಾಗೆ ಸುಮ್ಮನೆ ಕೂತರು, ಮತ್ತೆ ಕೊಯ್ದರು. ನಡುವೆ ಅವರು ಒಂದು ಹಾಡು ಗುನುಗಿದರೆಂದು ಮಗಳು ಆಮೇಲೆ ಸಾಕ್ಷಿ ಹೇಳಿದಳು. ಕೊಳಲಿಗಿಂತ ವಾಸಿಯಾಗಿತ್ತಂತೆ.

"ಕೂತು ನೋಡು," ಅಂದರು ಹೆಂಡತಿಗೆ.

ಆಕೆ ಕೂತಳು. ಹಿಂದಕ್ಕೆ ವಾಲಿದಳು, ಮುಂದಕ್ಕೆ ವಾಲಿದಳು. ಟಕ್ ಇಲ್ಲ, ಪಕ್ ಇಲ್ಲ. ಬಂಡೆಯ ಹಾಗೆ ನಿಂತಿತ್ತು ಸ್ಟೂಲು. ಸಾಹೇಬರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಯಾವ ಮೀಟಿಂಗಿನಲ್ಲೂ, ಯಾವ ವೇದಿಕೆಯ ಮೇಲೂ ಅವರು ಹಾಗೆ ನಿಂತದ್ದನ್ನು ಯಾರೂ ನೋಡಿರಲಿಲ್ಲ.

ಮಗಳು ಬಂದು, "ನೋಡ್ತೀನಿ ಕೊಡಮ್ಮ," ಎಂದು ಸ್ಟೂಲನ್ನು ಮುಂದಿನ ಕೋಣೆಗೆ ಎಳೆದುಕೊಂಡು ಹೋಗಿ ಕೂತಳು.

ಟಕ್.

ಜಾಗ ಬದಲಿಸಿದಳು. ಟಕ್. ಬಾಗಿಲ ಬಳಿ ಟಕ್. ಮೆಟ್ಟಿಲ ಮೇಲೆ ಟಕ್ ಟಕ್.

"ಅಪ್ಪ," ಅಂದಳು, "ನೀನು ನೆಲ ನೋಡಿದ್ಯಾ?"

ಸಾಹೇಬರು ಅಡುಗೆಮನೆಗೆ ಓಡಿದರು, ಬೂಟಿಲ್ಲದೆಯೂ ಚೆನ್ನಾಗಿಯೇ ಓಡಿದರು. ಒಲೆಯ ಪಕ್ಕದ ಒಂದು ಟೈಲು ಮೂಲೆಯಲ್ಲಿ ಕುಸಿದಿತ್ತು. ಇಷ್ಟು ವರ್ಷ ಸ್ಟೂಲಿನ ನಾಲ್ಕೂ ಕಾಲು ಸರಿಯಾಗಿಯೇ ಇದ್ದವು, ಸರಿಯಿಲ್ಲದ್ದು ನೆಲ. ಈಗ ಸಾಹೇಬರು ಸರಿಯಿದ್ದ ಸ್ಟೂಲನ್ನು ಕೊಯ್ದು ಸರಿಯಿಲ್ಲದ ನೆಲಕ್ಕೆ ಹೊಂದಿಸಿದ್ದರು. ಜಗತ್ತಿನಲ್ಲಿ ಈ ಒಂದು ಟೈಲಿನ ಮೇಲೆ ಬಿಟ್ಟು ಇನ್ನೆಲ್ಲಿಟ್ಟರೂ ಅದು ಕುಂಟುತ್ತಿತ್ತು. ಕಾಲು ನೋಡುವ ಮೊದಲು ನೆಲ ನೋಡು ಎಂಬುದು ಮಾದರಿ ಕೋಣೆಯಲ್ಲಿ ಮೊದಲನೆಯ ದಿನ ಹೇಳಿಕೊಡುವ ಪಾಠ.

ಹೆಂಡತಿ ಮೆಲ್ಲಗೆ ಅವರ ಮುಖ ನೋಡಿದಳು. ಸಾಹೇಬರು ನಗುತ್ತಿದ್ದರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಕೊನೆಗೆ ನೆಲದ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಾ. "ಪೂರಾ ಹಾಳು ಮಾಡಿದೆ ಕಣೇ," ಅಂದರು. "ನಾನೇ! ಒಬ್ಬನೇ!"

ಅದರಲ್ಲಿ ಇಷ್ಟು ಖುಷಿಪಡುವುದೇನಿದೆ ಎಂದು ಮಗಳಿಗೆ ಅರ್ಥವಾಗಲಿಲ್ಲ. ಕಾರ್ಖಾನೆಯಲ್ಲಿ ಸಾಹೇಬರು ತಪ್ಪು ಮಾಡುವಂತೆಯೇ ಇರಲಿಲ್ಲ. ಅಲ್ಲಿ ತಪ್ಪುಗಳನ್ನು ತಂಡ ಮಾಡುತ್ತಿತ್ತು, ಸಮಿತಿ ವಿಚಾರಿಸುತ್ತಿತ್ತು, ಸಾಹೇಬರು ವಿಷಾದ ವ್ಯಕ್ತಪಡಿಸುತ್ತಿದ್ದರು. ಇದು ಅಪ್ಪಟ ಅವರದೇ ತಪ್ಪು, ಸ್ವಂತ ಕೈಯಿಂದ ಕೊಯ್ದದ್ದು. ಬೆನ್ನು ನೋಯುತ್ತಲೇ ಇತ್ತು, ಆದರೆ ಈಗ ಅದಕ್ಕೊಂದು ಕಾರಣವಿತ್ತು.

ಸೋಮವಾರ ಸಾಹೇಬರು ಕಾರು ನಿಲ್ಲಿಸಿದ ತಕ್ಷಣ ಇಳಿದುಬಿಟ್ಟರು. ಸಲ್ಯೂಟಿಗೆ ಸಿದ್ಧನಾಗಿರದ ಕಾವಲುಗಾರ ಕೈಯಲ್ಲಿದ್ದ ಟೀ ಲೋಟದಿಂದಲೇ ಹೊಡೆದ.

ಯಜಮಾನಮ್ಮನ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಮುಂದಿನ ಸಾಲಿನಲ್ಲಿ ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ, ಎಲ್ಲರೂ ಲೆಕ್ಕದ ಮೇಡಂ ಅನ್ನುವವರು, ನೆಟ್ಟಗೆ ಕೂತಿದ್ದರು. ಮೀಟಿಂಗು ಎಂದರೆ ಆಕೆಗೆ ಪ್ರಾಣ, ಮೀಟಿಂಗಿಲ್ಲದ ದಿನ ಆಕೆಗೆ ತಲೆನೋವು ಬರುತ್ತಿತ್ತು. ಬಾಗಿಲಲ್ಲಿ ಮೊಳೆ, ಒಂದು ಕೈಯಲ್ಲಿ ತೇಗದ ಫಲಕ, ಇನ್ನೊಂದರಲ್ಲಿ ಸ್ಕ್ರೂಡ್ರೈವರು. ದೊಡ್ಡ ಕುರ್ಚಿಯ ಮೇಲಿಂದ ಕೈಚೀಲ ತೆಗೆದಿತ್ತು.

"ಕೂತ್ಕೋಪ್ಪಾ," ಅಂದರು ಯಜಮಾನಮ್ಮ.

"ಮೊದಲು ಕೂತು ನೋಡ್ತೀನಮ್ಮ," ಅಂದರು ಸಾಹೇಬರು.

ಕೆಲವರು ನಕ್ಕರು, ವಿನಯದ ಮಾತು ಎಂದುಕೊಂಡು. ಬಾಗಿಲಲ್ಲಿದ್ದ ಮೊಳೆ ನಗಲಿಲ್ಲ. ಅವನಿಗೆ ಆ ದನಿ ಗೊತ್ತಿತ್ತು. ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡ.

ಸಾಹೇಬರು ಕೋಟು ಬಿಚ್ಚಿ, ಬಗ್ಗಿ ಮೊದಲು ನೆಲ ನೋಡಿದರು. ಆಮೇಲೆ ಕೂತರು. ನೆಟ್ಟಗೆ ಕೂತರು, ಓರೆಯಾಗಿ ಕೂತರು, ಕಾಲ ಮೇಲೆ ಕಾಲು ಹಾಕಿದರು, ತೆಗೆದರು. ಜೇಬಿನಿಂದ ಪೆನ್ಸಿಲು ತೆಗೆದು ಬೇಕೆಂದೇ ಕೆಳಗೆ ಬೀಳಿಸಿದರು. ಎತ್ತಲು ಬಗ್ಗಿದಾಗ ಮೊಣಕೈ ಯಾವುದೋ ಸನ್ನೆಗೋಲಿಗೆ ತಗುಲಿತು. ಕುರ್ಚಿ ಒಂದು ನಿಟ್ಟುಸಿರು ಬಿಟ್ಟು ಸಾಹೇಬರನ್ನು ಹಿಂದಕ್ಕೆ ಚೆಲ್ಲಿತು. ಕಾಲುಗಳು ಮೇಲೆ ಬಂದವು. ವಿಭಾಗದ ಮುಖ್ಯಸ್ಥರಿಗೆಲ್ಲ ಸಾಹೇಬರ ಬೂಟಿನ ಅಡಿ ಕಂಡಿತು. ಸಾಹೇಬರಿಗೆ ಕಂಡದ್ದು ಸೂರು ಮಾತ್ರ. ಅಲ್ಲಿ ಒಂದು ದೀಪ, ದೀಪದೊಳಗೆ ಸತ್ತ ಎರಡು ನೊಣ.

ಸಾಹೇಬರು ಅವಸರಪಡಲಿಲ್ಲ. ಮಾದರಿ ಕೋಣೆಯ ಪದ್ಧತಿಯಂತೆ ಆ ಭಂಗಿಯಲ್ಲೂ ಸ್ವಲ್ಪ ಹೊತ್ತು ಇದ್ದು ನೋಡಿದರು. ಆಮೇಲೆ ಮೊಳೆ ಬಂದು ಕೈಕೊಟ್ಟ ಮೇಲೆ ಎದ್ದು ನಿಂತರು.

"ಬೇಡ," ಅಂದರು.

ಈ "ಬೇಡ"ಕ್ಕೆ ನಿಜವಾದ ಅರ್ಥವೇನಿರಬಹುದು ಎಂದು ಮುಖ್ಯಸ್ಥರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಹೇಬರ ಬಾಯಿಂದ ಆ ಪದ ಕೇಳಿದ್ದು ಅವರಿಗೆ ಅದೇ ಮೊದಲು.

"ಕುರ್ಚಿ ಬೇಡವೋ, ಕೆಲಸ ಬೇಡವೋ?" ಅಂದರು ಯಜಮಾನಮ್ಮ.

"ಎರಡೂ ಬೇಡಮ್ಮ."

"ಮತ್ತೆ ಗುರುವಾರ ನೋಡೋಣ ಅಂದ್ಯಲ್ಲ?"

"ಅದು..." ಸಾಹೇಬರು ಕಿವಿಯವರೆಗೆ ಕೆಂಪಾದರು. "ಅದರ ಅರ್ಥ ಬೇಡ ಅಂತ."

"ಯಾವಾಗಿಂದ?"

ಮುಖ್ಯಸ್ಥರೆಲ್ಲ ಒಟ್ಟಿಗೆ ಕೆಮ್ಮಿದರು.

"ಅಲ್ಲಯ್ಯಾ," ಅಂದರು ಯಜಮಾನಮ್ಮ, ಈಗ ನಿಜವಾಗಿಯೇ ಸಿಟ್ಟು ಬಂದು, "ನಿನ್ನ ನೋಡೋಣ ನಂಬಿ ನಾನು ತಂಗಿಗೆ ಬರ್ತೀನಿ ಅಂದುಬಿಟ್ಟೆ. ಅವಳು ನನ್ನ ಕೋಣೆಗೆ ಬಣ್ಣ ಹೊಡೆಸ್ತಾ ಇದ್ದಾಳೆ, ಅದೂ ಹಸಿರು! ಬೇಡ ಅನ್ನೋದು ಅರ್ಧ ಕೆಲಸ. ಏನು ಬೇಕು ಅನ್ನೋದನ್ನೂ ಬಾಯಿ ಬಿಟ್ಟು ಹೇಳು."

ಇದೊಂದು ಪ್ರಶ್ನೆಗೆ ಸಾಹೇಬರು ತಯಾರಾಗಿ ಬಂದಿರಲಿಲ್ಲ. "ನೋ..." ಎಂದು ಶುರುಮಾಡಿ, ನಾಲಿಗೆ ಕಚ್ಚಿಕೊಂಡರು. ಬಾಗಿಲ ಕಡೆ ನೋಡಿದರು. ಮೊಳೆಯ ಅಂಗಿಯ ಮೇಲೆ ಮರದ ಪುಡಿ ಇತ್ತು.

"ಬೆಳಗಿನ ಹೊತ್ತು ಮಾದರಿ ಕೋಣೆ ಬೇಕು," ಅಂದರು. "ಊಟ ಆದ ಮೇಲೆ ಈಗಿನ ಕೆಲಸ ಮಾಡ್ತೀನಿ. ದೊಡ್ಡ ಕೆಲಸಕ್ಕೆ ಲೆಕ್ಕದ ಮೇಡಂ ಇದ್ದಾರಲ್ಲ. ಅವರಿಗೆ ಇಷ್ಟ ಇದೆ, ನನಗಿಂತ ಚೆನ್ನಾಗೂ ಮಾಡ್ತಾರೆ."

ಲೆಕ್ಕದ ಮೇಡಂ ಕನ್ನಡಕ ತೆಗೆದು ಒರೆಸಿ, ಅದನ್ನು ಹಾಕಿಕೊಳ್ಳುವುದನ್ನು ಮರೆತು, ಎದುರಿಗಿದ್ದ ಮಬ್ಬಿಗೆ ಮುಗುಳ್ನಕ್ಕರು. ಬೇಡ ಅನ್ನುವ ಯೋಚನೆ ಅವರ ಮುಖದಲ್ಲಿ ಎಲ್ಲೂ ಕಾಣಲಿಲ್ಲ.

"ಇಷ್ಟು ವರ್ಷ ಆದ ಮೇಲೆ ನಿನ್ನ ಕೈ ಇನ್ನೂ ಆಡುತ್ತಾ?" ಅಂದರು ಯಜಮಾನಮ್ಮ.

"ನಿನ್ನೆ ಒಂದು ಸ್ಟೂಲು ಹಾಳು ಮಾಡಿದೆ."

"ಪೂರಾ?"

"ಪೂರಾ."

ಯಜಮಾನಮ್ಮ ಕಿಟಕಿಯ ಕಡೆ ತಿರುಗಿದರು.

"ನೋಡೋಣ," ಅಂದರು.

ಆ ಪದದ ಒಳಮನೆ ಸಾಹೇಬರಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಬಾಗಿಲು ಮೆತ್ತಗೆ ಹಾಕಿಕೊಳ್ಳುವ ಸದ್ದು ಅವರಿಗೆ ಸ್ಪಷ್ಟವಾಗಿ ಕೇಳಿಸಿತು. ರಜ ಕೇಳಿದವರು, ಫ್ಯಾನು ಕೇಳಿದವರು, ಎಲ್ಲರೂ ತಮ್ಮ ಮುಂದೆ ಹೀಗೇ ನಿಂತಿದ್ದರಲ್ಲವೇ ಎಂದು ಒಂದು ಗಳಿಗೆ ಅನ್ನಿಸಿತು. ಬೇರೆ ದಿನವಾಗಿದ್ದರೆ "ಸರಿಯಮ್ಮ" ಎಂದು ಹೊರಟುಬಿಡುತ್ತಿದ್ದರು.

"ಏನು ಮಾಡಿ ನೋಡೋಣಮ್ಮ?" ಅಂದರು.

ಯಜಮಾನಮ್ಮ ತಿರುಗಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಗು ಮೊದಲು ಕಣ್ಣಿಗೆ ಬಂತು. "ಮಾಡೇ ನೋಡೋಣ ಕಣೋ! ಕೋಟು ಹೇಗೂ ಬಿಚ್ಚಿದ್ದೀಯ, ಇವತ್ತೇ ಶುರು ಮಾಡು. ಮೊದಲು ಈ ದರಿದ್ರ ಕುರ್ಚಿ ತಗೊಂಡು ಹೋಗಿ ಬಿಚ್ಚಿ ಹಾಕು. ಕೂತವರಿಗೆ ಎದುರಿಗಿದ್ದವರು ಕಾಣದೇ ಇರೋ ಕುರ್ಚಿ ನನ್ನ ಕಾರ್ಖಾನೆಗೆ ಬೇಡ."

ಸಾಹೇಬರೂ ಮೊಳೆಯೂ ಆಚೆಗೊಂದು ಕೈ ಈಚೆಗೊಂದು ಕೈ ಹಾಕಿ ದೊಡ್ಡ ಕುರ್ಚಿಯನ್ನು ತಳ್ಳಿಕೊಂಡು ಹೊರಟ ಮೆರವಣಿಗೆಯನ್ನು ನೋಡಲು ಕ್ಯಾಂಟೀನಿನವನೂ ಹೊರಗೆ ಬಂದ. ಓಣಿಯ ತಿರುವಿನಲ್ಲಿ, ಯಾರೂ ಇಲ್ಲದ್ದು ನೋಡಿ, ಮೊಳೆ ಅಂದ: "ಏನೋ, ಬೆನ್ನುನೋವಂತೆ?"

"ನಿನಗೆ ಯಾರು ಹೇಳಿದ್ರು?"

"ಡಾಕ್ಟರು ನಮ್ಮ ಷಡ್ಡಕ. ತಳ್ಳು, ತಳ್ಳು."

ಆಮೇಲೆ ಎಲ್ಲ ಸುಖವಾಯಿತು ಎಂದು ಹೇಳಿದರೆ ಸಾಹೇಬರೇ ನಂಬಲಿಕ್ಕಿಲ್ಲ. ಅವರು ಮಾಡಿದ ಮೊದಲ ಕುರ್ಚಿಯ ಮೇಲೆ ಮೊಳೆ ಕೂತು, ಎದ್ದು, "ಬೇಡ ಸಾರ್," ಅಂದ. ಎರಡನೆಯದಕ್ಕೂ ಅದೇ ಅಂದ, ಆದರೆ ಏಳುವುದಕ್ಕೆ ಸ್ವಲ್ಪ ತಡ ಮಾಡಿದ. ಮಧ್ಯಾಹ್ನದ ಮೀಟಿಂಗುಗಳು ಮೊದಲಿನಷ್ಟೇ ಉದ್ದ, ಲೆಕ್ಕದ ಮೇಡಂ ಬಂದ ಮೇಲೆ ಒಂದು ಗೇಣು ಹೆಚ್ಚೇ. ಕಾರಿನಲ್ಲಿ ಕೂತುಬಿಡುವುದು ಈಗಲೂ ಉಂಟು, ರೇಡಿಯೋದ ಹಾಡು ಮುಗಿಯುವವರೆಗೆ. ಕ್ಯಾಂಟೀನಿನವನಿಗೆ "ಟೀ" ಎಂದು ಒಂದೇ ಮಾತು ಹೇಳುತ್ತಾರೆ. ಹೆಸರು ಮಾತ್ರ ಹೋಗಲಿಲ್ಲ, ನೋಡೋಣ ಸಾಹೇಬರು ನೋಡೋಣ ಸಾಹೇಬರೇ. ಯಾರಾದರೂ ರಜ ಕೇಳಿ ಅವರು ಅಭ್ಯಾಸಬಲದಿಂದ ಅದನ್ನೇ ಅಂದರೆ, ಈಗ ಹುಡುಗರಿಗೂ ಧೈರ್ಯ ಬಂದಿದೆ, "ಏನು ಮಾಡಿ, ಸಾರ್?" ಅನ್ನುತ್ತಾರೆ.

ಮನೆಯಲ್ಲಿ ಉತ್ಸಾಹ ತಡೆಯಲಾರದೆ ಸಾಹೇಬರು ಮುಂದಿನ ಭಾನುವಾರವೇ ಅಡುಗೆಮನೆಯ ಟೈಲನ್ನೂ ಎತ್ತಿ ಸರಿಯಾಗಿ ಕೂರಿಸಿದರು. ನೆಲ ಕನ್ನಡಿಯಂತಾಯಿತು. ಸ್ಟೂಲು ಅಲ್ಲೂ ಕುಂಟತೊಡಗಿತು.

ಲೆಕ್ಕದ ಮೇಡಂ ತಮ್ಮ ಬಾಗಿಲಿಗೆ ಹಿತ್ತಾಳೆಯ ಫಲಕವೇ ಬೇಕೆಂದದ್ದರಿಂದ ತೇಗದ ಫಲಕ ಮಾದರಿ ಕೋಣೆಯಲ್ಲಿ ಬಿದ್ದಿತ್ತು. ಒಳ್ಳೆಯ ಮರ. ಸಾಹೇಬರು ಅದರ ಒಂದು ತುದಿ ಕೊಯ್ದು ತಂದು, ಉಜ್ಜಿ, ಸ್ಟೂಲಿನ ಗಿಡ್ಡ ಕಾಲಿನ ಅಡಿಗೆ ಅಂಟಿಸಿದರು. ಭೂಗೋಳದ ಮೂರನೆಯ ಪಾಠ ಇಷ್ಟು ವರ್ಷದ ಮೇಲೆ ಕಸದ ಬುಟ್ಟಿಗೆ ಹೋಯಿತು.

ಹೆಂಡತಿ ಬಗ್ಗಿ ನೋಡಿದಳು. ಕಾಲಿನ ಪಕ್ಕದಿಂದ ಕೆತ್ತಿದ ಅಕ್ಷರಗಳು ಇಣುಕುತ್ತಿದ್ದವು: "ಕ್ಟರ್".

"ಮುಂಚಿನ ಅಕ್ಷರ ಎಲ್ಲ ಬಿಟ್ಟುಹೋಗಿದೆಯಲ್ರೀ," ಅಂದಳು.

"ತಂದು ಸೇರಿಸಲಾ?"

ಆಕೆ ಕರಡು ಹಾಳೆಗಳನ್ನು ಮಡಿಲಿಗೆ ಎಳೆದುಕೊಂಡು ಕೂತಳು. ಹಿಂದಕ್ಕೆ ವಾಲಿದಳು, ಮುಂದಕ್ಕೆ ವಾಲಿದಳು. ಕೆಂಪು ಪೆನ್ನನ್ನು ಬೇಕೆಂದೇ ಕೆಳಗೆ ಬೀಳಿಸಿ, ಕೂತಲ್ಲಿಂದಲೇ ಎತ್ತಿಕೊಂಡಳು. ಆಮೇಲೆ ನಿಯಮದ ಪ್ರಕಾರ ಎದ್ದು ನಿಂತು ಹೇಳಿದಳು.

"ಅಕ್ಷರ ಬೇಡ. ಸ್ಟೂಲು ಬೇಕು."